ಬಲ್ಲವರೆಂದು ಯಾರನ್ನು ಕರೆಯಬೇಕು?

ಮಾನ್ಯ ಸಂಪಾದಕರಿಗೆ ವಂದನೆಗಳು.

ಕ್ರೈಸ್ತ ವಿಶ್ವಾಸಿಗಳು ತಮಗೆ ಬುದ್ಧಿ ಹೇಳುವ ಹಿರಿಯರನ್ನು ಹೇಗೆ ಆರಿಸಿಕೊಳ್ಳಬೇಕು ಎಂಬ ವಿಷಯವಾಗಿ ನಿಮ್ಮ ಪತ್ರಿಕೆಯ ಚಿಂತನ ಪುಟದಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಸತ್ಯವೇದವನ್ನು, ಅಂದರೆ ಬೈಬಲನ್ನು, ಆಮೂಲಾಗ್ರವಾಗಿ ಬಲ್ಲವರು, ಕೇಳಿದ ಪ್ರಶ್ನೆಗೆ ತಡವರಿಸದೆ ವಚನಸಮೇತ ಉತ್ತರ ಕೊಡುವವರು, ಎಲ್ಲರೂ ಗೊಂದಲದಲ್ಲಿರುವಾಗ ದೃಢವಾದ ದನಿಯಲ್ಲಿ ಮಾತನಾಡುವವರು ನಿಜವಾದ ಜ್ಞಾನಿಗಳು, ಅಂಥವರ ಮಾತಿಗೆ ತಲೆಬಾಗಬೇಕು ಎಂಬುದು ಲೇಖಕರ ಅಭಿಪ್ರಾಯ. ಅವರ ಸದಾಶಯದ ಬಗ್ಗೆ ನನಗೆ ಅನುಮಾನವಿಲ್ಲ. ಈ ಮೂರು ಗುಣಗಳೂ ಒಳ್ಳೆಯವೇ. ಆದರೆ ಇಪ್ಪತ್ತೆರಡು ವರ್ಷಗಳಿಂದ ಸಭಾಹಿರಿಯನಾಗಿರುವ ನಾನು ಇದೇ ಮೂರು ಗುರುತುಗಳನ್ನು ನಂಬಿ ಒಮ್ಮೆ ತಪ್ಪು ಮಾತಿಗೆ ತಲೆದೂಗಿದ್ದೇನೆ. ಅದರಿಂದ ನಿರಪರಾಧಿಯೊಬ್ಬರಿಗೆ ಆದ ಗಾಯ ಇಂದಿಗೂ ಪೂರ್ತಿ ಮಾಗಿಲ್ಲ. ಹೀಗಿರುವಾಗ ಸುಮ್ಮನಿರುವುದು ಸರಿಯೆನಿಸದೆ ಈ ಪತ್ರ ಬರೆಯುತ್ತಿದ್ದೇನೆ.

ಜ್ಞಾನಿಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಯಾಕೋಬನು ಸತ್ಯವೇದದ ಹೊಸ ಒಡಂಬಡಿಕೆಯಲ್ಲಿರುವ ತನ್ನ ಪತ್ರದ ಮೂರನೆಯ ಅಧ್ಯಾಯದಲ್ಲಿ ನೇರವಾಗಿಯೇ ಎತ್ತುತ್ತಾನೆ. ಅವನು ಅದನ್ನು ಎಲ್ಲಿ ಎತ್ತುತ್ತಾನೆ ಎಂಬುದನ್ನು ಗಮನಿಸಬೇಕು. ಬೋಧಕರಾಗಲು ಬಹಳ ಮಂದಿ ಹಾತೊರೆಯಬಾರದು, ಬೋಧಿಸುವವರಿಗೆ ಹೆಚ್ಚು ಕಠಿಣವಾದ ತೀರ್ಪುಂಟು ಎಂದು ಎಚ್ಚರಿಸಿ ಅವನು ಅಧ್ಯಾಯವನ್ನು ಆರಂಭಿಸುತ್ತಾನೆ. ಅಲ್ಲಿಂದ ನಾಲಿಗೆಯ ವಿಷಯಕ್ಕೆ ಬಂದು, ಒಂದು ಕಿಡಿ ಎಷ್ಟು ದೊಡ್ಡ ಕಾಡನ್ನು ಸುಡಬಲ್ಲದು ಎಂದು ತೋರಿಸುತ್ತಾನೆ. ಅದಾದ ಮೇಲೆಯೇ ನಿಮ್ಮಲ್ಲಿ ಜ್ಞಾನಿ ಯಾರು ಎಂದು ಕೇಳುತ್ತಾನೆ. ಅಂದರೆ ಪ್ರಶ್ನೆಯಿರುವುದು ಮಾತನಾಡಲು ಮುಂದೆ ಬರುವವರಿಗೆ. ಜ್ಞಾನಿಯಾದವನು ತನ್ನ ಜ್ಞಾನವನ್ನು ಮಾತಿನಲ್ಲಿ ಸಾಬೀತುಪಡಿಸಲಿ ಎಂದು ಅಲ್ಲಿ ಹೇಳಿಲ್ಲ, ಒಳ್ಳೆಯ ನಡತೆಯಿಂದ, ದೀನತೆಯಿಂದ ಮಾಡಿದ ಕೆಲಸಗಳಿಂದ ತೋರಿಸಲಿ ಎಂದು ಹೇಳಿದೆ. ಕೆಲಸಕ್ಕೆ ದಿನಗಳು ಬೇಕು, ವರ್ಷಗಳೂ ಬೇಕಾಗಬಹುದು. ಮಾತಿಗೆ ಇಪ್ಪತ್ತು ನಿಮಿಷ ಸಾಕು. ನಾವು ಎಡವುವುದು ಈ ಅಂತರದಲ್ಲಿಯೇ.

ನಮ್ಮ ಭಾಷೆಯ ಬಳಕೆಯೂ ಇಲ್ಲಿ ಸ್ವಲ್ಪ ತೊಡಕು ಮಾಡುತ್ತದೆ. ವಿಷಯಗಳನ್ನು ತಿಳಿದಿರುವುದನ್ನೂ ಬಾಳುವ ಬಗೆಯನ್ನು ಅರಿತಿರುವುದನ್ನೂ ನಾವು ಜ್ಞಾನವೆಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಮೊದಲನೆಯದು ಗ್ನೋಸಿಸ್, ಎರಡನೆಯದು ಸೋಫಿಯ. ಜ್ಞಾನವು ಉಬ್ಬಿಸುತ್ತದೆ, ಪ್ರೀತಿಯು ಕಟ್ಟುತ್ತದೆ ಎಂದು ಪೌಲನು ಕೊರಿಂಥದವರಿಗೆ ಬರೆಯುವಾಗ ಬಳಸಿದ್ದು ಮೊದಲನೆಯ ಮಾತನ್ನು. ಯಾಕೋಬನು ಮೇಲಣಿಂದ ಬರುವುದೆಂದು ಹೇಳುವುದು ಎರಡನೆಯದನ್ನು. ಒಬ್ಬ ಮನುಷ್ಯನಲ್ಲಿ ಎರಡೂ ಇರಬಹುದು. ಮೊದಲನೆಯದು ಧಾರಾಳವಾಗಿದ್ದು ಎರಡನೆಯದರ ಸುಳಿವೂ ಇಲ್ಲದಿರಬಹುದು.

ಮೇಲಣಿಂದ ಬಾರದ ಜ್ಞಾನದ ಲಕ್ಷಣವಾಗಿ ಯಾಕೋಬನು ಮತ್ಸರದ ಜೊತೆಗೆ ಎರಿಥೈಯ ಎಂಬ ಮಾತನ್ನು ಬಳಸುತ್ತಾನೆ. ಅವನಿಗಿಂತ ಸುಮಾರು ನಾಲ್ಕು ಶತಮಾನ ಮೊದಲು ಅರಿಸ್ಟಾಟಲನು ರಾಜಕೀಯವನ್ನು ಕುರಿತು ಬರೆಯುವಾಗ, ಅಧಿಕಾರಸ್ಥಾನಕ್ಕಾಗಿ ಜನರನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ತಂತ್ರಕ್ಕೆ ಇದೇ ಮಾತನ್ನು ಬಳಸಿದ್ದ. ಇದನ್ನು ತಿಳಿದ ಮೇಲೆ ನನಗೆ ಆ ವಚನ ಬೇರೆಯಾಗಿಯೇ ಕೇಳಿಸತೊಡಗಿತು. ಪಕ್ಷ ಕಟ್ಟುವ ಬುದ್ಧಿ ಎಲ್ಲಿದೆಯೋ ಅಲ್ಲಿ ಗಲಿಬಿಲಿಯೂ ಸಕಲ ವಿಧವಾದ ನೀಚಕೃತ್ಯಗಳೂ ಇರುತ್ತವೆ ಎಂದು ಯಾಕೋಬನು ಹೇಳುವುದು ಹೊರಗಿನ ಲೋಕದ ರಾಜಕಾರಣವನ್ನು ಕುರಿತಲ್ಲ, ಸಭೆಯ ಒಳಗೆ ಕುಳಿತವರನ್ನು ಕುರಿತು.

ನಾನು ಹೇಳಬೇಕಾಗಿರುವ ಘಟನೆ ನಡೆದು ಹನ್ನೊಂದು ವರ್ಷಗಳಾದವು. ನಮ್ಮ ಸಭೆಯ ಲೆಕ್ಕಪತ್ರವನ್ನು ವಯಸ್ಸಾದ ಸಹೋದರರೊಬ್ಬರು ನೋಡಿಕೊಳ್ಳುತ್ತಿದ್ದರು. ಬಡವರ ಸಹಾಯನಿಧಿಗೆ ಬಂದ ಕಾಣಿಕೆಗೂ ಪುಸ್ತಕದಲ್ಲಿ ತೋರಿಸಿದ ವೆಚ್ಚಕ್ಕೂ ತಾಳೆಯಾಗುತ್ತಿಲ್ಲ ಎಂಬ ಮಾತು ಎದ್ದಿತು. ಹಿರಿಯರ ಕೂಟ ಸೇರಿತು. ಆ ಸಂಜೆ ಅವರು ಬಂದಿರಲಿಲ್ಲ. ಆಸ್ಪತ್ರೆಯಲ್ಲಿದ್ದ ಪತ್ನಿಯ ಬಳಿ ಇದ್ದರು. ವಿಷಯವನ್ನು ಎತ್ತಿಕೊಂಡವರು ನಮ್ಮಲ್ಲಿ ವಾಕ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಎಂದು ಹೆಸರಾದ ಸಹೋದರರು. ಯೆಹೋಶುವನ ಕಾಲದಲ್ಲಿ ಆಕಾನನು ಕದ್ದ ವಸ್ತುಗಳನ್ನು ಗುಡಾರದ ನೆಲದಲ್ಲಿ ಹುಗಿದಿಟ್ಟಿದ್ದು, ಅನನೀಯನೂ ಸಪ್ಫೈರಳೂ ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟಿದ್ದು, ಇವೆಲ್ಲವನ್ನೂ ಪುಸ್ತಕ ತೆರೆಯದೆ, ಅಧ್ಯಾಯ ವಚನಗಳ ಸಮೇತ, ಒಂದಕ್ಕೊಂದು ಹೆಣೆದು ಹೇಳಿದರು. ಪಾಪವನ್ನು ಮೃದುವಾಗಿ ಕಂಡ ಸಭೆಗೆ ದೇವರ ಆಶೀರ್ವಾದ ಉಳಿಯುವುದಿಲ್ಲ ಎಂದರು. ಅವರು ಹೇಳಿದ ಒಂದು ವಚನವೂ ತಪ್ಪಾಗಿರಲಿಲ್ಲ. ನಮ್ಮ ತಲೆಗಳು ತಾವಾಗಿಯೇ ಆಡಿದವು. ಲೆಕ್ಕದ ಸಹೋದರರನ್ನು ಜವಾಬ್ದಾರಿಯಿಂದ ಬಿಡಿಸಬೇಕು, ವಿಚಾರಣೆ ಮುಗಿಯುವವರೆಗೆ ಸಹಾಯನಿಧಿಯಿಂದ ಯಾರಿಗೂ ಏನನ್ನೂ ಕೊಡಬಾರದು ಎಂಬ ನಿರ್ಣಯವನ್ನು ನಾನೇ ನನ್ನ ಕೈಯಿಂದ ಬರೆದೆ.

ಕೂಟದಲ್ಲಿ ಒಬ್ಬ ಹಿರಿಯ ಸಹೋದರಿ ಇದ್ದರು. ಅವರು ಮಾತನಾಡುತ್ತಿದ್ದುದೇ ಅಪರೂಪ. ನಾನು ನಿರ್ಣಯವನ್ನು ಓದಿ ಮುಗಿಸಿದಾಗ ಅವರು, ಈ ಮಾತುಗಳನ್ನೆಲ್ಲ ಲೆಕ್ಕದ ಸಹೋದರರ ಮುಂದೆ ಯಾರಾದರೂ ಹೇಳಿದ್ದೀರಾ ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಹಾಗಾದರೆ ಅವರು ಬರುವವರೆಗೆ ಕಾಯೋಣ ಎಂದರು ಅವರು. ವಿಷಯ ಸ್ಪಷ್ಟವಾಗಿರುವಾಗ ಕಾಯುವುದು ಅವಿಧೇಯತೆಯಾಗುತ್ತದೆ ಎಂದು ವಾಕ್ಯಬಲ್ಲ ಆ ಸಹೋದರರು ಉತ್ತರಿಸಿದರು. ಉತ್ತರ ಚುರುಕಾಗಿತ್ತು, ಭಕ್ತಿಯ ಮಾತಿನಂತೆಯೂ ಇತ್ತು. ನಾವು ಕಾಯಲಿಲ್ಲ.

ನಾಲ್ಕನೆಯ ದಿನ ಲೆಕ್ಕದ ಸಹೋದರರು ಒಂದು ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟರು. ಉದ್ದನೆಯ, ಕಿರಿದಾದ, ಮೂಲೆಗಳು ಮುದುರಿದ ಪುಸ್ತಕ. ಒಳಗೆ ಪೆನ್ಸಿಲಿನ ಬರಹ. ಪ್ರತಿ ಸಾಲಿನಲ್ಲೂ ದಿನಾಂಕ, ಕೊಟ್ಟ ಮೊತ್ತ, ಪಡೆದವರ ಸಹಿ. ಸಹಿ ಬಾರದವರ ಹೆಬ್ಬೆಟ್ಟಿನ ಗುರುತು. ತಮ್ಮ ಹೆಸರು ಸಭೆಯ ಮುಂದೆ ಬರಬಾರದೆಂದು ಕಣ್ಣೀರಿಟ್ಟು ಕೇಳಿಕೊಂಡ ಮನೆಗಳ ಲೆಕ್ಕ ಅದು. ಹಿಂದಿನ ಸಭಾಪಾಲಕರ ಒಪ್ಪಿಗೆಯಿಂದಲೇ ಅದನ್ನು ಬೇರೆಯಾಗಿ ಬರೆದಿಡುತ್ತಿದ್ದರಂತೆ. ಆ ಒಪ್ಪಿಗೆಯ ಟಿಪ್ಪಣಿ ಮೊದಲ ಪುಟಕ್ಕೆ ಅಂಟಿಸಿತ್ತು. ಎರಡು ಪುಸ್ತಕಗಳನ್ನು ಕೂಡಿಸಿದರೆ ಲೆಕ್ಕ ಸರಿಹೋಯಿತು. ನಾನು ಮೂರು ಸಲ ಕೂಡಿಸಿ ನೋಡಿದೆ.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ಕುಳಿತದ್ದು ಅದಾದ ಮೇಲಿನ ಒಂದು ಕ್ಷಣ. ಆ ಪುಸ್ತಕವನ್ನು ವಾಕ್ಯಬಲ್ಲ ಸಹೋದರರ ಕೈಗೆ ಕೊಟ್ಟೆವು. ಅವರು ಎರಡು ಹಾಳೆ ತಿರುವಿದರು, ಮುಚ್ಚಿ ಮೇಜಿನ ಮೇಲಿಟ್ಟರು, ಏನೇ ಆದರೂ ಕ್ರಮ ತಪ್ಪಿದ್ದು ನಿಜವಲ್ಲವೇ ಎಂದರು. ತಪ್ಪಾಯಿತು ಎಂಬ ಒಂದು ಮಾತಿಗಾಗಿ ನಾವೆಲ್ಲರೂ ಕಾಯುತ್ತಿದ್ದೆವು. ಅದು ಬರಲಿಲ್ಲ. ವರ್ಷ ತಿರುಗುವುದರೊಳಗೆ ಅವರು ಒಂಬತ್ತು ಕುಟುಂಬಗಳನ್ನು ಕರೆದುಕೊಂಡು ಹೊರಟುಹೋದರು. ನಾನು ಅವರನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ನಿರ್ಣಯ ನನ್ನ ಕೈಬರಹದಲ್ಲಿದೆ, ಅವರದರಲ್ಲಿ ಇಲ್ಲ.

ಮೇಲಣ ಜ್ಞಾನದ ಲಕ್ಷಣಗಳನ್ನು ಹೇಳುವಾಗ ಯಾಕೋಬನು ಬಳಸುವ ಒಂದು ಗ್ರೀಕ್ ಮಾತು ಇಡೀ ಹೊಸ ಒಡಂಬಡಿಕೆಯಲ್ಲಿ ಮತ್ತೆಲ್ಲಿಯೂ ಬರುವುದಿಲ್ಲ. ಯೂಪೈಥೇಸ್. ಸುಲಭವಾಗಿ ಮನವೊಲಿಸಬಹುದಾದದ್ದು, ಹೇಳಿದರೆ ಕೇಳುವಂಥದ್ದು ಎಂದು ಅದರ ಅರ್ಥ. ನಾವು ಜ್ಞಾನಿಯೆಂದರೆ ಇತರರ ಮನವೊಲಿಸುವವನು ಎಂದುಕೊಂಡಿದ್ದೇವೆ, ಆದರೆ ಯಾಕೋಬನ ಪ್ರಕಾರ ಅವನು ಮನವೊಲಿಸಿಕೊಳ್ಳಬಲ್ಲವನು. ಈ ಒಂದು ಗುಣವನ್ನು ಗಮನಿಸುತ್ತ ಹೋದರೆ ಸತ್ಯವೇದದಲ್ಲಿ ಎಷ್ಟೊಂದು ಕಡೆ ಅದೇ ಕಾಣುತ್ತದೆ ಎಂಬುದು ನನಗೆ ಆ ಘಟನೆಯ ನಂತರವೇ ತಿಳಿದದ್ದು.

ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯದಲ್ಲಿ ಅಲೆಕ್ಸಾಂದ್ರಿಯದ ಅಪೊಲ್ಲೋಸನು ಎಫೆಸಕ್ಕೆ ಬರುತ್ತಾನೆ. ಅವನು ವಾಕ್ಚಾತುರ್ಯವುಳ್ಳವನು, ಶಾಸ್ತ್ರಗಳಲ್ಲಿ ಪ್ರವೀಣನು, ಆಸಕ್ತಿಯಿಂದ ಕುದಿಯುತ್ತಿದ್ದವನು. ನಿಮ್ಮ ಲೇಖಕರು ಹೇಳುವ ಮೂರು ಗುಣಗಳೂ ಅವನಲ್ಲಿವೆ. ಆದರೆ ಯೇಸುವಿಗೆ ದಾರಿ ಸಿದ್ಧಮಾಡಿದ ಯೋಹಾನನ ದೀಕ್ಷಾಸ್ನಾನದ ಆಚೆಗೆ ಅವನಿಗೆ ತಿಳಿದಿರಲಿಲ್ಲ. ಸಭಾಮಂದಿರದಲ್ಲಿ ಅವನ ಮಾತನ್ನು ಕೇಳಿದ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ದಂಪತಿ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನಷ್ಟು ಸರಿಯಾಗಿ ವಿವರಿಸಿದರು. ಅವರು ಗುಡಾರ ಹೊಲಿದು ಜೀವನ ಮಾಡುತ್ತಿದ್ದವರು. ಜನರ ಮುಂದೆ ಅವನನ್ನು ತಿದ್ದಲಿಲ್ಲ, ಅದು ಅವರ ಜ್ಞಾನ. ಅಪೊಲ್ಲೋಸನು ಏನೆಂದು ಉತ್ತರ ಕೊಟ್ಟನೆಂದು ಲೂಕನು ಬರೆಯುವುದೇ ಇಲ್ಲ. ಮುಂದಿನ ವಾಕ್ಯದಲ್ಲಿ ಅವನು ಅಖಾಯಕ್ಕೆ ಹೊರಟಿದ್ದಾನೆ, ಸಹೋದರರು ಅವನ ಪರವಾಗಿ ಪತ್ರ ಬರೆದುಕೊಟ್ಟಿದ್ದಾರೆ, ಅಲ್ಲಿನ ವಿಶ್ವಾಸಿಗಳಿಗೆ ಅವನಿಂದ ಬಹಳ ಸಹಾಯವಾಗಿದೆ. ವೇದಿಕೆಯಲ್ಲಿ ನಿಂತವನು ಕುಶಲಕರ್ಮಿಗಳಿಂದ ಕಲಿತ. ಅವನ ವಾಕ್ಚಾತುರ್ಯಕ್ಕಿಂತ ಆ ಮೌನದಲ್ಲಿ ನನಗೆ ಹೆಚ್ಚು ಜ್ಞಾನ ಕಾಣುತ್ತದೆ.

ಸೊಲೊಮೋನನ ವಿಷಯವನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದವರು, ಆದ್ದರಿಂದಲೇ ಸರಿಯಾಗಿ ಓದದವರು. ಗಿಬ್ಯೋನಿನಲ್ಲಿ ದೇವರು ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು, ಮೂಲ ಹೀಬ್ರೂವಿನ ಮಾತಿನಂತೆ, ಕೇಳಿಸಿಕೊಳ್ಳುವ ಹೃದಯವನ್ನು. ಆ ಬೇಡಿಕೆಯ ಬೆನ್ನಿಗೇ ಇಬ್ಬರು ಹೆಂಗಸರ ವ್ಯಾಜ್ಯ ಬರುತ್ತದೆ. ಕತ್ತಿ ತರಿಸಿ ಮಗುವನ್ನು ಸೀಳಿರಿ ಎಂದದ್ದು ಎಲ್ಲರ ನೆನಪಿನಲ್ಲಿ ಉಳಿದಿದೆ. ಅದಕ್ಕೂ ಮೊದಲಿನ ವಾಕ್ಯವನ್ನು ನಾನು ಎಷ್ಟೋ ವರ್ಷ ಲಕ್ಷ್ಯಕ್ಕೇ ತೆಗೆದುಕೊಂಡಿರಲಿಲ್ಲ. ಅಲ್ಲಿ ಅರಸನು, ಈಕೆ ಹೀಗೆ ಹೇಳುತ್ತಾಳೆ, ಆಕೆ ಹಾಗೆ ಹೇಳುತ್ತಾಳೆ ಎಂದು ಇಬ್ಬರ ವಾದವನ್ನೂ ತನ್ನ ಬಾಯಿಂದ ಮತ್ತೆ ಹೇಳುತ್ತಾನೆ. ಇಬ್ಬರೂ ಅವನ ಎದುರಿಗೆ ನಿಂತಿದ್ದಾರೆ, ಇಬ್ಬರ ಮಾತೂ ಅವನೊಳಗೆ ಇಳಿದಿದೆ, ಆಮೇಲೆ ಕತ್ತಿಯ ಮಾತು. ನಮ್ಮ ಕೂಟದಲ್ಲಿ ಕತ್ತಿ ಮೊದಲು ಬಂದಿತ್ತು. ವ್ಯಾಜ್ಯದಲ್ಲಿ ಮೊದಲು ಮಾತನಾಡುವವನು ನ್ಯಾಯವಂತನಂತೆ ಕಾಣುತ್ತಾನೆ, ಎದುರಾಳಿ ಬಂದು ಪ್ರಶ್ನಿಸುವವರೆಗೆ ಮಾತ್ರ ಎಂದು ಜ್ಞಾನೋಕ್ತಿಗಳ ಹದಿನೆಂಟನೆಯ ಅಧ್ಯಾಯ ಹೇಳುವುದನ್ನು ಆ ಸಹೋದರಿ ಅಂದು ಬಾಯಿಬಿಟ್ಟು ಉಲ್ಲೇಖಿಸಲಿಲ್ಲ, ಅವರು ಅದರಂತೆ ನಡೆದರು ಅಷ್ಟೇ.

ಅದೇ ಸೊಲೊಮೋನನ ಹೃದಯ ಮುಪ್ಪಿನಲ್ಲಿ ಬೇರೆ ದೇವರುಗಳ ಕಡೆಗೆ ತಿರುಗಿತು ಎಂಬುದನ್ನೂ ಸತ್ಯವೇದ ಮುಚ್ಚಿಡುವುದಿಲ್ಲ. ಅವನ ಮಗ ರೆಹಬ್ಬಾಮನು ಹಿರಿಯರ ಸಲಹೆಯನ್ನು ತಳ್ಳಿ, ತನ್ನ ಜೊತೆ ಬೆಳೆದ ಯುವಕರ ಮಾತು ಕೇಳಿ ಹತ್ತು ಕುಲಗಳನ್ನು ಕಳೆದುಕೊಂಡ. ದಾವೀದನ ಮಂತ್ರಿ ಅಹೀತೋಫೆಲನ ಆಲೋಚನೆಯನ್ನಂತೂ ಜನರು ದೇವರ ವಾಕ್ಯಕ್ಕೆ ಸಮನಾಗಿ ಎಣಿಸುತ್ತಿದ್ದರು. ಅವನು ದಾವೀದನ ಮೇಲೆ ದಂಗೆಯೆದ್ದ ಮಗ ಅಬ್ಷಾಲೋಮನ ಪಕ್ಷ ಸೇರಿ, ತನ್ನ ಆಲೋಚನೆ ನಡೆಯದೆ ಹೋದಾಗ ಮನೆಗೆ ಹೋಗಿ ಪ್ರಾಣ ಕಳೆದುಕೊಂಡ. ತನ್ನ ಮಾತು ನಡೆಯದಿದ್ದರೂ ಬದುಕಿರಬಹುದು ಎಂಬುದು ಅವನಿಗೆ ಗೊತ್ತಿರಲಿಲ್ಲವೇ ಎಂದು ಆ ಭಾಗವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಮ್ಮೆ ಜ್ಞಾನಿಯೆಂದು ಹೆಸರು ಪಡೆದ ಮಾತ್ರಕ್ಕೆ ಯಾರನ್ನೂ ಕೊನೆಯವರೆಗೆ ಪರೀಕ್ಷಿಸದೆ ನಂಬಬಾರದು, ತನ್ನನ್ನು ತಾನೂ ಸೇರಿಸಿಕೊಂಡು.

ಜ್ಞಾನವನ್ನು ಎಲ್ಲಿ ಹುಡುಕಬೇಕು ಎಂಬ ವಿಷಯದಲ್ಲಿಯೂ ನಾವು ದಾರಿ ತಪ್ಪಿದ್ದೇವೆಂದು ನನ್ನ ಅನಿಸಿಕೆ. ಹೀಬ್ರೂವಿನಲ್ಲಿ ಜ್ಞಾನಕ್ಕೆ ಹೊಖ್ಮಾ ಎಂಬ ಮಾತಿದೆ. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟುವ ಬೆಚಲೇಲನನ್ನು ದೇವರು ತನ್ನ ಆತ್ಮದಿಂದ ತುಂಬಿಸಿದಾಗ, ಚಿನ್ನ, ಬೆಳ್ಳಿ, ತಾಮ್ರಗಳನ್ನು ರೂಪಿಸುವ, ರತ್ನಗಳನ್ನು ಕೆತ್ತುವ, ಮರ ಕೆತ್ತುವ ಅವನ ಕೈಚಳಕಕ್ಕೂ ಅದೇ ಮಾತು. ಕೈ ಮತ್ತು ವಸ್ತುಗಳ ನಡುವೆ ವರ್ಷಗಟ್ಟಲೆ ಪಳಗಿದ ಹದವನ್ನು ಆ ಭಾಷೆ ಜ್ಞಾನವೆಂದು ಕರೆಯಿತು. ಹೊಸ ಒಡಂಬಡಿಕೆಯಲ್ಲಿಯೂ ಹೀಗೆಯೇ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಭಾಷೆಯಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಉಪೇಕ್ಷೆಯಾಗುತ್ತಿದೆ ಎಂಬ ಗೊಣಗಾಟ ಎದ್ದಾಗ, ಅಪೊಸ್ತಲರು ಏಳು ಮಂದಿಯನ್ನು ಆರಿಸಲು ಹೇಳಿದರು, ಆ ಏಳು ಮಂದಿ ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆಗಿರಬೇಕು ಎಂದರು. ಯಾರಿಗೆ ಎಷ್ಟು ಮುಟ್ಟಿತು, ಯಾರ ಪಾಲು ತಪ್ಪಿತು ಎಂದು ನೋಡಿಕೊಳ್ಳುವ ಕೆಲಸಕ್ಕೆ ಅವರು ಕೇಳಿದ ಅರ್ಹತೆ ಜ್ಞಾನ. ಪೆನ್ಸಿಲಿನಲ್ಲಿ ಬರೆದ ಆ ಪುಸ್ತಕ ನಮ್ಮ ಸಭೆಯಲ್ಲಿ ವರ್ಷಗಳ ಕಾಲ ಇತ್ತು. ನಾವು ಜ್ಞಾನವನ್ನು ವೇದಿಕೆಯ ಮೇಲೆ ಹುಡುಕುತ್ತಿದ್ದೆವು.

ಆದಿಸಭೆಗೆ ಈ ಅಪಾಯ ಚೆನ್ನಾಗಿ ತಿಳಿದಿತ್ತು. ಆದಿಕಾಲದ ಸಭೆಗಳ ನಡವಳಿಕೆಯನ್ನು ತಿಳಿಸುವ ದಿದಖೆ ಎಂಬ ಕಿರುಗ್ರಂಥದ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ದೊರೆಯಿತು. ಊರಿಂದ ಊರಿಗೆ ಬರುವ ಬೋಧಕರನ್ನು ಹೇಗೆ ಪರೀಕ್ಷಿಸಬೇಕು ಎಂದು ಅದರಲ್ಲಿ ಹೇಳಿದೆ. ಆತ್ಮದಲ್ಲಿ ಮಾತನಾಡುವವರೆಲ್ಲರೂ ಪ್ರವಾದಿಗಳಲ್ಲ, ಕರ್ತನ ನಡತೆಯುಳ್ಳವನೇ ಪ್ರವಾದಿ. ಮೂರನೆಯ ದಿನವೂ ಉಳಿದುಕೊಂಡವನು, ಹೊರಡುವಾಗ ಹಣ ಕೇಳಿದವನು ಸುಳ್ಳುಗಾರ. ಆದರೆ ಕೊರತೆಯಲ್ಲಿರುವ ಬೇರೆಯವರಿಗಾಗಿ ಕೊಡಿರೆಂದು ಅವನು ಕೇಳಿದರೆ ಅವನಿಗೆ ತೀರ್ಪು ಮಾಡಬೇಡಿರಿ. ಎಷ್ಟು ಸರಳವಾದ, ಎಷ್ಟು ಗಟ್ಟಿಯಾದ ಪರೀಕ್ಷೆ! ಅವನಿಗೆ ಎಷ್ಟು ವಚನ ಬಾಯಿಪಾಠವಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕಠಿಣವಾದ ಭಕ್ತಿಯೂ ನಮ್ಮನ್ನು ಮೋಸಗೊಳಿಸಬಲ್ಲದು. 5ನೆಯ ಶತಮಾನದ ಆರಂಭದಲ್ಲಿ ಯೋಹಾನ ಕಾಸಿಯಾನನು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಿಂದ ಕೇಳಿದ್ದನ್ನು ಬರೆಯುತ್ತ ಹೇರೋನ ಎಂಬ ಮುದುಕನ ಕಥೆ ಹೇಳುತ್ತಾನೆ. ಐವತ್ತು ವರ್ಷ ಮರುಭೂಮಿಯಲ್ಲಿ ಉಪವಾಸ, ಏಕಾಂತ. ಪುನರುತ್ಥಾನದ ಹಬ್ಬದ ದಿನವೂ ಸಹೋದರರ ಜೊತೆ ಕುಳಿತು ಊಟ ಮಾಡದಷ್ಟು ಕಟ್ಟುನಿಟ್ಟು. ಕೊನೆಗೆ ದೇವದೂತನ ವೇಷದಲ್ಲಿ ಬಂದ ಸೈತಾನನನ್ನು ನಂಬಿ, ತನಗೆ ಏನೂ ಆಗದೆಂಬ ಭರವಸೆಯಲ್ಲಿ ಆಳವಾದ ಬಾವಿಗೆ ಧುಮುಕಿದ. ಸಹೋದರರು ಮೇಲೆತ್ತಿದರೂ ಮೂರನೆಯ ದಿನ ಸತ್ತ. ವಿವೇಚನೆಯಿಲ್ಲದ್ದರಿಂದ ಹೀಗಾಯಿತು, ತನ್ನ ತೀರ್ಮಾನವನ್ನೇ ನಂಬಿದ್ದರಿಂದ, ಹಿರಿಯರ ಸಲಹೆಗೆ ಒಪ್ಪದಿದ್ದರಿಂದ ಹೀಗಾಯಿತು ಎಂಬುದು ಆ ಕಥೆಯನ್ನು ಹೇಳಿದವರ ತೀರ್ಪು. ಮತ್ತೆ ಅದೇ ಗುಣದ ಕೊರತೆ. ಬಹಳ ಕಾಲದ ಮೇಲೆ, 1746ರಲ್ಲಿ, ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಉಜ್ಜೀವನದ ಬಿಸಿಯಲ್ಲಿ ಮೂಡಿದ ಧಾರ್ಮಿಕ ಭಾವಗಳನ್ನು ಪರೀಕ್ಷಿಸುವ ಗ್ರಂಥವನ್ನು ಪ್ರಕಟಿಸಿದಾಗ, ನಂಬಲಾಗದ ಹನ್ನೆರಡು ಗುರುತುಗಳಲ್ಲಿ ಧರ್ಮದ ವಿಷಯವಾಗಿ ನಿರರ್ಗಳವಾಗಿ ಮಾತನಾಡುವುದನ್ನೂ, ವಚನಗಳು ತಟ್ಟನೆ ಮನಸ್ಸಿಗೆ ಬರುವುದನ್ನೂ ಸೇರಿಸಿದರು. ನಂಬಬಹುದಾದ ಹನ್ನೆರಡರಲ್ಲಿ ಕೊನೆಯದಾಗಿ ಅವರು ವಿಸ್ತಾರವಾಗಿ ಬರೆದದ್ದು ಕ್ರೈಸ್ತ ನಡತೆಯನ್ನು ಕುರಿತು.

ಇದನ್ನೆಲ್ಲ ಓದಿದವರು ಒಂದು ಆಕ್ಷೇಪವನ್ನು ಎತ್ತಬಹುದು, ಅದು ನ್ಯಾಯವಾದದ್ದೇ. ಕೇಳುವವನು, ಬಗ್ಗುವವನು, ಮೃದುವಾಗಿ ಮಾತನಾಡುವವನು ಜ್ಞಾನಿಯೆಂದರೆ, ಬೆನ್ನೆಲುಬಿಲ್ಲದವನನ್ನೂ ಜ್ಞಾನಿಯೆಂದು ಹೊಗಳಬೇಕಾಗುತ್ತದಲ್ಲವೇ? ಸುಮ್ಮನಿರುವ ಮೂರ್ಖನೂ ಜ್ಞಾನಿಯೆನಿಸಿಕೊಳ್ಳುತ್ತಾನೆ ಎಂದು ಜ್ಞಾನೋಕ್ತಿಗಳೇ ಹೇಳುತ್ತವೆ. ಆ ಸಂಜೆ ಕೂಟದಲ್ಲಿ ಇನ್ನೂ ಐದು ಮಂದಿ ಸುಮ್ಮನಿದ್ದರು. ಅವರ ಮೌನವೂ ಜ್ಞಾನವಾಗಿರಲಿಲ್ಲ. ಸಮಾಧಾನವಿಲ್ಲದಿರುವಾಗ ಸಮಾಧಾನ ಸಮಾಧಾನ ಎಂದು ಹೇಳುವವರನ್ನು ಯೆರೆಮೀಯನು ಖಂಡಿಸಿದ್ದಾನೆ. ಯಾಕೋಬನು ಈ ಆಕ್ಷೇಪವನ್ನು ಮೊದಲೇ ಕಂಡಿದ್ದನೋ ಏನೋ, ಮೇಲಣ ಜ್ಞಾನವು ಮೊದಲು ಪರಿಶುದ್ಧವಾದದ್ದು, ಆಮೇಲೆ ಸಮಾಧಾನಕರವಾದದ್ದು ಎಂದು ಕ್ರಮವಿಟ್ಟು ಹೇಳುತ್ತಾನೆ. ಸತ್ಯವನ್ನು ಮಾರಿ ಕೊಂಡ ಸಮಾಧಾನಕ್ಕೆ ಆ ಸಾಲಿನಲ್ಲಿ ಸ್ಥಳವಿಲ್ಲ. ಆ ಸಹೋದರಿ ಮೃದುವಾಗಿ ಮಾತನಾಡಿದರು, ಆದರೆ ಹನ್ನೆರಡು ಮಂದಿಯ ಕೂಟದಲ್ಲಿ ಒಬ್ಬರೇ ಎದುರು ನಿಂತರು.

ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಎದುರಿನಲ್ಲಿಯೇ ಖಂಡಿಸಿದ. ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಸಂಗಡ ಊಟ ಮಾಡುತ್ತಿದ್ದ ಪೇತ್ರನು, ಯಾಕೋಬನ ಕಡೆಯಿಂದ ಕೆಲವರು ಬಂದಾಗ ಹೆದರಿ ಹಿಂದೆ ಸರಿದಿದ್ದ. ಪೌಲನ ಮಾತಿನಲ್ಲಿ ಮೃದುತ್ವವಿರಲಿಲ್ಲ, ಇರಬೇಕಾದ ಸಂದರ್ಭವೂ ಅದಲ್ಲ, ಏಕೆಂದರೆ ಅಲ್ಲಿ ಸುವಾರ್ತೆಯ ಸತ್ಯವೇ ಅಪಾಯದಲ್ಲಿತ್ತು. ಆದರೆ ಅವನು ಪೇತ್ರನ ಮುಖದೆದುರಿಗೆ ಮಾತನಾಡಿದ, ಅವನಿಲ್ಲದ ಕೂಟದಲ್ಲಿ ನಿರ್ಣಯ ಬರೆಸಲಿಲ್ಲ. ಮುಂದೆ ಪೇತ್ರನ ಹೆಸರಿನ ಎರಡನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ ನಮ್ಮ ಪ್ರಿಯ ಸಹೋದರನಾದ ಪೌಲನು ತನಗೆ ಕೊಡಲ್ಪಟ್ಟ ಜ್ಞಾನದ ಪ್ರಕಾರ ಬರೆದಿದ್ದಾನೆ ಎಂಬ ಮಾತು ಬರುತ್ತದೆ. ಅಂತಿಯೋಕ್ಯದಲ್ಲಿ ಬೈಸಿಕೊಂಡವನ ಹೆಸರಿನಲ್ಲಿ, ಬೈದವನ ಜ್ಞಾನಕ್ಕೆ ದೊರೆತ ಸಾಕ್ಷಿ ಅದು. ಇಬ್ಬರಲ್ಲಿ ಯಾರು ಹೆಚ್ಚು ಜ್ಞಾನಿ ಎಂದು ನನ್ನನ್ನು ಕೇಳಿದರೆ ಆ ಸಾಲಿನ ಮುಂದೆ ನನಗೆ ಉತ್ತರ ಹೊಳೆಯುವುದಿಲ್ಲ.

ಆದ್ದರಿಂದ ನಿಮ್ಮ ಲೇಖಕರಲ್ಲಿ ನನ್ನ ವಿನಂತಿಯಿಷ್ಟೆ. ಯಾರನ್ನಾದರೂ ಬಲ್ಲವರೆಂದು ಒಪ್ಪಿಕೊಳ್ಳುವ ಮೊದಲು ಅವರ ಪ್ರಸಂಗವನ್ನು ಕೇಳಿರಿ ಎನ್ನುವುದರ ಜೊತೆಗೆ, ಅವರನ್ನು ಎಂದಾದರೂ ತಿದ್ದಬೇಕಾಗಿ ಬಂದವರನ್ನು ಹುಡುಕಿ ಮಾತನಾಡಿಸಿರಿ ಎಂದೂ ದಯವಿಟ್ಟು ಬರೆಯಲಿ. ಅವರ ಮನೆಯವರನ್ನು, ಅವರ ಕೈಕೆಳಗೆ ದುಡಿದವರನ್ನು, ಅವರಿಂದ ಏನೂ ಪ್ರಯೋಜನವಾಗದ ಬಡವರನ್ನು ಕೇಳಿರಿ ಎಂದು ಬರೆಯಲಿ. ಪೌಲನು ತಿಮೊಥೆಯನಿಗೆ ಸಭಾಧ್ಯಕ್ಷರ ಅರ್ಹತೆಗಳನ್ನು ಬರೆದಾಗ ಬೋಧಿಸುವ ಸಾಮರ್ಥ್ಯವನ್ನು ಒಂದು ಕಡೆ ಹೇಳಿ, ಉಳಿದುದರಲ್ಲಿ ಬಹುಪಾಲು ಜಗಳಗಂಟಿಯಾಗಿರಬಾರದು, ಮನೆಯನ್ನು ಚೆನ್ನಾಗಿ ನಡೆಸುವವನಾಗಿರಬೇಕು, ಹೊರಗಿನವರಿಂದ ಒಳ್ಳೆಯ ಸಾಕ್ಷಿ ಹೊಂದಿರಬೇಕು ಎಂಬಂಥ, ದೀರ್ಘಕಾಲ ಹತ್ತಿರವಿದ್ದವರಿಗೆ ಮಾತ್ರ ಕಾಣುವ ಗುಣಗಳನ್ನು ತುಂಬಿದ್ದಾನೆ. ಇದು ನಿಧಾನದ ಕೆಲಸ. ಮಾತಿನ ಮೋಡಿ ದೂರದವರಿಗೂ ಒಂದೇ ದಿನದಲ್ಲಿ ತಲುಪಿಬಿಡುವ ಈ ಕಾಲದಲ್ಲಿ ಈ ನಿಧಾನ ಇನ್ನಷ್ಟು ಅಗತ್ಯ ಎಂದು ನಾನು ನಂಬುತ್ತೇನೆ. ಒಬ್ಬ ಬೋಧಕನ ನೂರು ಪ್ರಸಂಗಗಳನ್ನು ಕೇಳಿದವರಿಗೂ, ತಪ್ಪು ತೋರಿಸಿದಾಗ ಅವನ ಮುಖ ಹೇಗಾಗುತ್ತದೆ ಎಂಬುದು ಗೊತ್ತಿರುವುದಿಲ್ಲ.

ನಮ್ಮ ಸಭೆಯಲ್ಲಿ ಈಗ ಗೈರುಹಾಜರಾದವರ ವಿಷಯವಾಗಿ ಯಾವ ನಿರ್ಣಯವನ್ನೂ ಮಾಡುವುದಿಲ್ಲ. ಆ ಸಹೋದರಿ ಹೇಳಿದ ಮಾತನ್ನೇ ನಿಯಮವಾಗಿ ಬರೆದುಕೊಂಡಿದ್ದೇವೆ. ಅವರು ಈಗ ನಮ್ಮೊಂದಿಗಿಲ್ಲ, ಕರ್ತನಲ್ಲಿ ನಿದ್ರೆಹೋಗಿ ಆರು ವರ್ಷಗಳಾದವು.

ಲೆಕ್ಕದ ಸಹೋದರರ ಬಳಿಗೆ ಕ್ಷಮೆ ಕೇಳಲು ನಾನು ಒಬ್ಬನೇ ಹೋಗಿದ್ದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಹೋಗಿದ್ದೆ, ಅವರ ಮುಂದೆ ಕುಳಿತಾಗ ಅರ್ಧ ಮರೆತುಹೋಯಿತು. ಅವರು ಕೊನೆಯವರೆಗೂ ನಡುವೆ ಬಾಯಿ ಹಾಕದೆ ಕೇಳಿದರು. ನೋವಾಯಿತು ಎಂದು ನೇರವಾಗಿಯೇ ಹೇಳಿದರು, ಇಲ್ಲವೆಂದು ನಟಿಸಲಿಲ್ಲ. ಲೆಕ್ಕದ ಕೆಲಸಕ್ಕೆ ಮತ್ತೆ ಬರಬೇಕೆಂದು ಬೇಡಿಕೊಂಡಾಗ, ತನ್ನಿಂದ ಇನ್ನು ಆಗುವುದಿಲ್ಲವೆಂದರು. ನಾನು ಹೊರಡಲು ಎದ್ದಾಗ ಆ ಪುಸ್ತಕದಲ್ಲಿದ್ದ ಒಂದು ಮನೆಯ ಹೆಸರನ್ನು ಮೆಲ್ಲಗೆ ಹೇಳಿ, ನಿಧಿ ನಿಲ್ಲಿಸಿದ ಮೇಲೆ ಅಲ್ಲಿಗೆ ಯಾರಾದರೂ ಹೋಗಿದ್ದೀರಾ ಎಂದು ಕೇಳಿದರು. ಯಾರೂ ಹೋಗಿರಲಿಲ್ಲ. ಅವರು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. ಆ ಸಂಜೆ ಇಬ್ಬರೂ ಜೊತೆಯಾಗಿ ಆ ಮನೆಗೆ ಹೋದೆವು.

ತಮ್ಮ ವಿಶ್ವಾಸಿ,
ಸಭಾಹಿರಿಯರೊಬ್ಬರು